ಕೈ ಜೋಡಿಸಿದ ಅಪ್ಪ

ತೃಷಾ ಲೋಟವನ್ನು ಒರೆಸಿ ಕಪಾಟಿನಲ್ಲಿ ಇಟ್ಟಳು. ಇಡುವುದೆಂದರೆ ಸುಮ್ಮನೆ ಇಡುವುದಲ್ಲ. ಮೊದಲು ಕಿರುಬೆರಳನ್ನು ಲೋಟದ ಅಡಿಗೆ ಕೊಡಬೇಕು. ಲೋಟ ಬೆರಳಿನ ಮೇಲೆ ಕೂತ ನಂತರ ಬೆರಳನ್ನು ಮೆಲ್ಲ ಎಳೆದುಕೊಳ್ಳಬೇಕು. ಎಳೆದುಕೊಂಡಳು. ಶಬ್ದ ಬರಲಿಲ್ಲ.

ಅಮ್ಮ ತೊಳೆದ ಬಟ್ಟಲೊಂದನ್ನು ಚಾಚಿದಳು. ಮಾತಿಲ್ಲ. ಕಣ್ಣಲ್ಲೇ ‘ಹುಷಾರು’ ಅಂದಳು. ಬಟ್ಟಲಿನ ಮೇಲೆ ಬಟ್ಟಲು ಇಡುವಾಗ ತೃಷಾ ನಡುವೆ ಒಂದೊಂದು ತುಂಡು ಪೇಪರು ಹಾಕಿದಳು. ನಲ್ಲಿಯನ್ನು ಅಮ್ಮ ಪೂರ್ತಿ ತಿರುಗಿಸಿರಲಿಲ್ಲ, ನೀರು ದಾರದ ಹಾಗೆ ಬೀಳುತ್ತಿತ್ತು.

ಇನ್ನು ಉಳಿದದ್ದು ಸಾರಿನ ಸೌಟು ಒಂದೇ. ಅದು ತೃಷಾಳ ಕೈಯಿಂದ ಜಾರಿತು.

ಟಣ್!

“ತಕಿಟ!” ಜಗಲಿಯಿಂದ ಅಪ್ಪನ ಸ್ವರ ಬಂತು. “ತಕಿಟ ತಕಧಿಮಿ! ತೃಷಾ, ಕೋಲು ತಾ ಮಗಳೇ. ಪ್ರಾಕ್ಟೀಸ್ ಮಾಡುವ!”

ಅಮ್ಮ ಬಗ್ಗಿ ಸೌಟನ್ನು ಎತ್ತಿಕೊಂಡಳು. “ನಿನ್ನಿಂದಲೇ ಆದದ್ದು,” ಅಂತ ಅದಕ್ಕೆ ಬೈದಳು.

‘ಪ್ರಾಕ್ಟೀಸ್ ಮಾಡುವ’ ಎಂದರೆ ಇಬ್ಬರೂ ಸೇರಿ ಮಾಡುವುದು. ಆದರೆ ಅಪ್ಪ ಹೇಳುವ ‘ಮಾಡುವ’ ಎಂಬುದರಲ್ಲಿ ತೃಷಾಳ ಪಾಲು ಬಹಳ ಸಣ್ಣದು.

ಅವಳು ಹಲಸಿನ ಮರದ ಮಣೆಯನ್ನು ಜಗಲಿಗೆ ತಂದು ಇಟ್ಟಳು. ಚೆಂಡೆ ಇರುವುದು ಶಾಲೆಯಲ್ಲಿ. ಮನೆಯಲ್ಲಿ ಮಣೆಯೇ ಚೆಂಡೆ. ಎರಡು ಕೋಲು ಹಿಡಿದು ಶುರು ಮಾಡಿದಳು.

“ತ ಕಿ ಟ, ತ ಕ... ಮಿ.”

“ಧಿ ಎಲ್ಲಿ?” ಅಪ್ಪ ಕುರ್ಚಿಯಿಂದ ಮುಂದೆ ಬಗ್ಗಿದ.

ಆರನೆಯ ಪೆಟ್ಟು ಎಡಗೈಯದ್ದು. ಅದೇ ‘ಧಿ’. ತೃಷಾಳ ಎಡಗೈ ಅಷ್ಟು ಹೊತ್ತಿಗೆ ಎಲ್ಲೋ ಹೋಗಿರುತ್ತದೆ. ಅವಳು ಪುನಃ ಹೊಡೆದಳು. “ತ ಕಿ ಟ, ತ ಕ...”

“ಕೊಡು ಕೊಡು. ಒಂದೇ ಸಲ ತೋರಿಸಿ ಕೊಡ್ತೇನೆ.”

ಕೋಲು ಅಪ್ಪನ ಕೈಗೆ ಹೋಯಿತು. ಅಪ್ಪ ಒಂದೇ ಸಲ ತೋರಿಸಿದ. ಆಮೇಲೆ ಇನ್ನೊಂದು ಒಂದೇ ಸಲ. ಆಮೇಲೆ ಸ್ವಲ್ಪ ಜೋರಾಗಿ, ಆಮೇಲೆ ಕಣ್ಣು ಮುಚ್ಚಿ. ಮಣೆ ಜಾರದ ಹಾಗೆ ಹಿಡಿದುಕೊಳ್ಳುವ ಕೆಲಸ ತೃಷಾಳಿಗೆ ಬಂತು.

“ನಿಮ್ಮ ಲೆಕ್ಕದಲ್ಲಿ ಒಂದು ಅಂದ್ರೆ ಎಷ್ಟು?” ಅಮ್ಮ ಒಳಗಿನಿಂದ ಕೇಳಿದಳು. “ಟಿಕೆಟು ಕೊಡುವಾಗಲೂ ಹೀಗೆಯಾ?”

“ನೀನು ಸುಮ್ಮನಿರು ಮಾರಾಯ್ತಿ. ಮಗಳಿಗೆ ಕಲಿಸುದು ಬೇಡವಾ?”

ಅರ್ಧ ಗಂಟೆ ಮುಗಿಯುವಾಗ ಅಪ್ಪನ ಅಂಗಿ ಬೆವರಿನಿಂದ ಒದ್ದೆಯಾಗಿತ್ತು. ತೃಷಾಳ ಹಣೆಯಲ್ಲಿ ಒಂದು ಹನಿ ಬೆವರೂ ಇರಲಿಲ್ಲ.

ಇದೆಲ್ಲ ಶುರುವಾದದ್ದು ಒಂದು ಮಾತಿನಿಂದ.

ತೃಷಾಳ ಶಾಲೆಯಲ್ಲಿ ಪ್ರತಿ ಶನಿವಾರ ಯಕ್ಷಗಾನ ಕ್ಲಾಸು ಉಂಟು. ಉಳಿದ ಹುಡುಗಿಯರೆಲ್ಲ ಕುಣಿತಕ್ಕೆ ಹೆಸರು ಕೊಟ್ಟರು. ತೃಷಾ ಒಬ್ಬಳೇ ಚೆಂಡೆಗೆ ಕೊಟ್ಟಳು. ಮೊದಲ ದಿನ ಚೆಂಡೆಗೆ ಒಂದು ಪೆಟ್ಟು ಹೊಡೆದಾಗ ಆ ಸದ್ದು ಕಿವಿಗೆ ಬರುವ ಮೊದಲು ಹೊಟ್ಟೆಯ ಒಳಗೆ ಬಂದಿತ್ತು. ಅದು ಅವಳಿಗೆ ಬಹಳ ಹಿಡಿಸಿತು. ಹಾಗೆ ಅಂತ ಯಾರಿಗೂ ಹೇಳಲಿಲ್ಲ. ಹೇಳಿದರೆ ನಗುತ್ತಾರೆ.

ಕಲಿಸುವವರು ನಿತ್ಯಾನಂದ ಮಾಷ್ಟ್ರು. ಅವರು ಪೋಷಕರ ಮೀಟಿಂಗಿನಲ್ಲಿ ಎದ್ದು ನಿಂತು, “ನಾನು ವಾರಕ್ಕೆ ಒಂದು ಗಂಟೆ ಕಲಿಸ್ತೇನೆ. ಉಳಿದ ದಿನ ಮಕ್ಕಳು ಮನೆಯಲ್ಲೇ ಇರೂದಲ್ವಾ? ಮನೆಯವರೂ ಸ್ವಲ್ಪ ಕೈ ಜೋಡಿಸಬೇಕು,” ಎಂದಿದ್ದರು.

ಬೇರೆಯವರ ಅಪ್ಪ ಅಮ್ಮ ತಲೆ ಆಡಿಸಿ ಮನೆಗೆ ಹೋದರು. ತೃಷಾಳ ಅಪ್ಪ ದಯಾನಂದ ಮಾತ್ರ ಮಾಷ್ಟ್ರು ಹೇಳಿದ ಹಾಗೇ ಮಾಡಿದ. ಕೈಯನ್ನೇ ಜೋಡಿಸಿದ. ಒಂದಲ್ಲ, ಎರಡೂ ಕೈ.

ಅಪ್ಪ ಚಾರ್ಮಾಡಿ–ಬೆಳ್ತಂಗಡಿ ಬಸ್ಸಿನ ಕಂಡಕ್ಟರು. ಮೊದಲೆಲ್ಲ ಸಂಜೆ ಮನೆಗೆ ಬಂದವನೇ ಚರ್ಮದ ಬ್ಯಾಗನ್ನು ಮೊಳೆಗೆ ಹಾಕಿ, ಚಾಪೆಯ ಮೇಲೆ ಉದ್ದಕ್ಕೆ ಬಿದ್ದುಕೊಳ್ಳುತ್ತಿದ್ದ. ‘ಚಿಲ್ಲರೆ ಇಲ್ಲ ಅಂದ್ರೆ ಜನ ನನ್ನನ್ನೇ ಬೈತಾರೆ’ ಅಂತ ಒಂದು ಸಲ ಹೇಳಿ ಗೋಡೆಯ ಕಡೆ ತಿರುಗಿದರೆ ಮುಗಿಯಿತು. ಈಗ ಹಾಗಲ್ಲ. ಗೇಟು ದಾಟುವಾಗಲೇ ಗೇಟಿಗೆ ತಕಿಟ. ಬಾಗಿಲಿಗೆ ತಕಧಿಮಿ. ಸ್ನಾನಕ್ಕೆ ಹೋದರೆ ಬಕೆಟಿಗೆ ಏಳು ಪೆಟ್ಟು. ಊಟಕ್ಕೆ ಕೂತರೆ ಬಟ್ಟಲಿಗೆ ಏಳು ಪೆಟ್ಟು. ಅಮ್ಮ ಒಂದು ದಿನ ಅವನಿಗೆ ಬಾಳೆಲೆಯಲ್ಲಿ ಬಡಿಸಿ, “ಈಗ ಹೊಡೀರಿ ನೋಡುವ,” ಎಂದಿದ್ದಳು.

ಅಷ್ಟು ಖುಷಿಯಲ್ಲಿ ಇರುವವರ ಕೈಯಿಂದ ಕೋಲು ಕಿತ್ತುಕೊಳ್ಳುವುದು ಹೇಗೆ? ತೃಷಾಳಿಗೆ ಅದೇ ಗೊತ್ತಾಗಲಿಲ್ಲ.

ನಿನ್ನೆ ಶನಿವಾರವಂತೂ ಅಪ್ಪ ಎರಡು ಟ್ರಿಪ್ಪಿನ ನಡುವೆ ಖಾಕಿ ಅಂಗಿಯಲ್ಲೇ ಕ್ಲಾಸಿಗೆ ಬಂದು, ಮಕ್ಕಳ ಸಾಲಿನಲ್ಲಿ ಚಕ್ಕಳಮಕ್ಕಳ ಹಾಕಿ ಕೂತಿದ್ದ. ತೃಷಾ ‘ಧಿ’ ತಪ್ಪಿಸಿದಾಗ ಅಪ್ಪನಿಗೆ ತಡೆಯಲು ಆಗಲಿಲ್ಲ. “ಮಾಷ್ಟ್ರೇ, ಹೀಗಲ್ವಾ?” ಅಂತ ನೆಲದ ಮೇಲೆ ಹೊಡೆದು ತೋರಿಸಿದ.

ಮಾಷ್ಟ್ರು ಕನ್ನಡಕ ಮೇಲೆ ಮಾಡಿ ನೋಡಿದರು. “ದಯಾನಂದರೇ, ನಿಮಗೆ ಒಳ್ಳೆ ಕೈ ಉಂಟು ಮಾರಾಯ್ರೆ!”

ಅಪ್ಪನ ಮುಖ ಅರಳಿತು. ಪಕ್ಕದಲ್ಲಿ ಕೂತಿದ್ದ ಫರ್ಹಾನ ತೃಷಾಳ ಕಿವಿಯಲ್ಲಿ, “ನೋಡ್ತಾ ಇರು, ನಿನ್ನ ಅಪ್ಪನಿಗೆ ಐದನೇ ಕ್ಲಾಸಿನ ಅಡ್ಮಿಷನ್ ಆಗ್ತದೆ,” ಎಂದಳು. ಫರ್ಹಾನ ತೃಷಾಳ ಬೆಂಚಿನವಳು. ಅವಳಿಗೆ ಯಾವುದನ್ನೂ ಮೆಲ್ಲ ಹೇಳಲು ಬರುವುದಿಲ್ಲ. ಇಡೀ ಸಾಲು ನಕ್ಕಿತು.

ಕ್ಲಾಸು ಬಿಡುವಾಗ ಮಾಷ್ಟ್ರು ಹೇಳಿದರು. “ಸ್ಕೂಲ್ ಡೇಯ ಯಕ್ಷಗಾನ ಆಟಕ್ಕೆ ಚೆಂಡೆಗೆ ಒಬ್ಬರು ಸಾಕು. ತೃಷಾ ಇಲ್ಲದಿದ್ದರೆ ಶ್ರವಣ್. ಮುಂದಿನ ಶನಿವಾರ ಇಬ್ಬರದ್ದೂ ಕೇಳ್ತೇನೆ. ಏಳು ಪೆಟ್ಟು, ಹದಿನಾರು ಸುತ್ತು. ಒಂದೂ ತಪ್ಪಬಾರದು.”

ತೃಷಾ ಮನಸ್ಸಿನಲ್ಲೇ ಎಣಿಸಿದಳು. ಹದಿನಾರು ಸುತ್ತಿಗೆ ಹದಿನಾರು ‘ಧಿ’. ಅವಳ ಹತ್ತಿರ ಇದ್ದದ್ದು ಹೆಚ್ಚೆಂದರೆ ಎರಡು.

ಸೋಮವಾರ ಬೆಳಿಗ್ಗೆ ತೃಷಾ ಕಕ್ಕಿಂಜೆಯಲ್ಲಿ ಬಸ್ಸು ಹತ್ತಿದಳು. ಅಪ್ಪನದೇ ಬಸ್ಸು. ಫರ್ಹಾನ ಮೊದಲೇ ಹತ್ತಿ ಸೀಟು ಹಿಡಿದಿದ್ದಳು. ಎದುರಿನ ಸೀಟಿನಲ್ಲಿ ಪೇಟೆಗೆ ತರಕಾರಿ ಒಯ್ಯುವ ಸೇಸಮ್ಮ ಕೂತಿದ್ದರು. ಅವರ ಕಾಲಬುಡದಲ್ಲಿ ಒಂದು ಚೀಲ ತುಂಬ ಸೌತೆಕಾಯಿ. ತಂಬುಳಿಗೆ ಹಾಕುವ ಎಳತು ಅಲ್ಲ, ಅಟ್ಟದಲ್ಲಿ ಕಟ್ಟಿ ಇಡುವ ದುಂಡನೆಯ ಹಳದಿ ಸೌತೆ.

ನಮ್ಮ ಕಡೆಯ ಬಸ್ಸಿನಲ್ಲಿ ಡ್ರೈವರಿಗೆ ಕಣ್ಣಿಗಿಂತ ಕಿವಿ ಮುಖ್ಯ. ಕಂಡಕ್ಟರು ಒಂದು ವಿಸಿಲ್ ಹೊಡೆದರೆ ನಿಲ್ಲಿಸಬೇಕು. ಎರಡು ಹೊಡೆದರೆ ಹೋಗಬೇಕು. ಡ್ರೈವರ್ ಲತೇಶ್ ಇದರಲ್ಲಿ ಹುಷಾರು. ಹಿಂದೆ ತಿರುಗಿ ನೋಡಿದವನೇ ಅಲ್ಲ.

ಅಪ್ಪ ಟಿಕೆಟು ಕೊಟ್ಟು ಮುಗಿಸಿ ಹಿಂದಿನ ಬಾಗಿಲಿನಲ್ಲಿ ನಿಂತಿದ್ದ. ಬಾಯಲ್ಲಿ ವಿಸಿಲ್. ಬೆರಳು ಬಾಗಿಲ ಸರಳಿನ ಮೇಲೆ ಆಡುತ್ತಿತ್ತು. ಕಣ್ಣು ಎಲ್ಲೋ ದೂರದ ಗುಡ್ಡದ ಮೇಲೆ. ತೃಷಾಳಿಗೆ ಆ ಕಣ್ಣು ಗೊತ್ತಿತ್ತು. ಅವಳು, “ಅಪ್ಪ!” ಅಂತ ಕರೆಯುವುದರೊಳಗೆ ಅದು ಆಗಿಯೇ ಹೋಯಿತು.

ಪೀಪೀಪೀ, ಪೀಪೀಪೀಪೀ!

ಲತೇಶ್ ಎರಡು ವಿಸಿಲ್ ಕೇಳಿ ಆಕ್ಸಿಲರೇಟರ್ ಒತ್ತಿದ. ಮೂರನೆಯದು ಕೇಳಿ ಬ್ರೇಕ್ ಹಾಕಿದ. ಮತ್ತೆ ಎರಡು ಕೇಳಿ ಒತ್ತಿದ. ನಿಂತಿದ್ದವರೆಲ್ಲ ಡ್ರೈವರಿಗೆ ನಮಸ್ಕಾರ ಮಾಡುವ ಹಾಗೆ ಮುಂದೆ ಬಗ್ಗಿದರು. ಆಮೇಲೆ ಆಕಾಶ ನೋಡುವ ಹಾಗೆ ಹಿಂದೆ ಬಾಗಿದರು.

ಪೀಪೀಪೀ, ಪೀಪೀಪೀಪೀ!

ಸೇಸಮ್ಮನ ಚೀಲ ಮಗುಚಿತು. ಹಳದಿ ಸೌತೆಕಾಯಿಗಳು ಸಾಲಾಗಿ ಡ್ರೈವರಿನ ತನಕ ಉರುಳಿಕೊಂಡು ಹೋದವು. ಬಸ್ಸು ಎಳೆದಾಗ ಅಷ್ಟೂ ಹಿಂದಿನ ಬಾಗಿಲಿಗೆ ಬಂದವು. ಜನ ಕಾಲು ಮೇಲೆ ಎತ್ತಿದರು. ಒಬ್ಬರು ಆಫೀಸಿನವರು ಬ್ಯಾಗನ್ನು ತಲೆಯ ಮೇಲೆ ಹಿಡಿದುಕೊಂಡರು, ಸೌತೆಕಾಯಿ ಮೇಲಿನಿಂದ ಬೀಳುತ್ತದೆ ಅಂತ ಯಾಕೆ ಅನಿಸಿತೋ ಏನೋ.

ಲತೇಶ್ ಬಸ್ಸನ್ನು ಬದಿಗೆ ಹಾಕಿ, ಮೊದಲ ಬಾರಿಗೆ ಹಿಂದೆ ತಿರುಗಿದ. “ದಯಣ್ಣ! ಹೋಗ್ಬೇಕಾ, ನಿಲ್ಬೇಕಾ? ಯಾವುದಾದ್ರೂ ಒಂದು ಹೇಳಿ ಮಾರಾಯ್ರೆ!”

ಅಪ್ಪ ಆಗ ಎಚ್ಚರಗೊಂಡ. ವಿಸಿಲ್ ಬಾಯಿಂದ ಬಿತ್ತು. “ಹೋಗುವ, ಹೋಗುವ. ಅದು... ಮಗಳದ್ದು ಸ್ವಲ್ಪ ಪ್ರಾಕ್ಟೀಸು...”

ಇಡೀ ಬಸ್ಸು ತೃಷಾಳ ಕಡೆ ತಿರುಗಿತು. ಅವಳಿಗೆ ಸೀಟಿನ ಅಡಿಗೆ ಹೋಗಿ ಒಂದು ಸೌತೆಕಾಯಿಯಾದರೆ ಸಾಕು ಅನಿಸಿತು.

ಸೇಸಮ್ಮ ಎದುರಿನವರ ಚಪ್ಪಲಿಯ ನಡುವೆ ಕೈ ಹಾಕಿ ಸೌತೆಕಾಯಿ ಹುಡುಕುತ್ತಾ ತಲೆ ಎತ್ತಿದರು. “ಯಾರದ್ದು ಪ್ರಾಕ್ಟೀಸು? ಆ ಹುಡುಗಿ ಸುಮ್ಮನೆ ಕೂತಿದ್ದಾಳಲ್ಲ.”

ಶಾಲೆಯ ಸ್ಟಾಪಿನಲ್ಲಿ ಇಳಿದ ಮೇಲೆ ಫರ್ಹಾನ ಹೊಟ್ಟೆ ಹಿಡಿದುಕೊಂಡು ನಕ್ಕಳು. “ಎಂತ ಗಮ್ಮತ್ತು ಮಾರಾಯ್ತಿ! ಆದ್ರೆ ಒಂದು ನೋಡಿದ್ಯಾ? ನಿನ್ನ ಅಪ್ಪ ವಿಸಿಲಲ್ಲೂ ಧಿ ತಪ್ಪಿಸ್ಲಿಲ್ಲ.”

ತೃಷಾ ನಗಲಿಲ್ಲ. ಸೇಸಮ್ಮನ ಮಾತು ಅವಳ ಕಿವಿಯಲ್ಲೇ ಕೂತಿತ್ತು. ಗಣಿತದ ಪೀರಿಯಡ್ಡಿನಲ್ಲೂ ಅಲ್ಲಿಂದ ಏಳಲಿಲ್ಲ.

ಸಂಜೆ ಅಪ್ಪ ಬಂದ. ಈ ದಿನ ಗೇಟಿಗೆ ತಕಿಟ ಹೊಡೆಯಲಿಲ್ಲ. ಕೈ ಕಾಲು ತೊಳೆದು ಚಹಾ ಕುಡಿದ. ಆಮೇಲೆ ಹುರುಪು ತಂದುಕೊಂಡು ಕೈ ಚಾಚಿದ. “ಶನಿವಾರಕ್ಕೆ ಇನ್ನು ಐದೇ ದಿನ. ಕೋಲು ತಾ. ಒಂದೇ ಸಲ...”

ತೃಷಾ ಕೋಲನ್ನು ಬೆನ್ನ ಹಿಂದೆ ಹಿಡಿದುಕೊಂಡಳು.

“ಕೊಡೂದಿಲ್ಲ.”

“ಯಾಕೆ?”

“ಹಾಗೇ.”

“ಬೆಳಿಗ್ಗೆ ನಾಚಿಕೆ ಆಯ್ತಾ? ಇನ್ನು ಬಸ್ಸಲ್ಲಿ ಊದೂದಿಲ್ಲ. ಲತೇಶನಿಗೂ ಹೇಳಿ ಆಯ್ತು.”

“ಅದಕ್ಕಲ್ಲ.”

ಅಪ್ಪ ಕಂಗಾಲಾದ. “ಮತ್ತೆ? ಚೆಂಡೆ ಬೇಡವಾ ನಿನಗೆ? ಬಿಡ್ತೀಯಾ?”

“ನನಗೆ ಬೇಕು!” ತೃಷಾಳ ಸ್ವರ ಅವಳಿಗೇ ದೊಡ್ಡದಾಗಿ ಕೇಳಿತು. “ನನಗೇ ಬೇಕು. ಕೋಲು ಯಾವಾಗ್ಲೂ ನಿಮ್ಮ ಕೈಯಲ್ಲೇ ಇದ್ರೆ ನನಗೆ ಧಿ ಬರೂದು ಹೇಗೆ? ನಿಮಗೆ ಬಸ್ಸುಂಟಲ್ಲ ಅಪ್ಪ!”

ಅಪ್ಪ ಚಾಚಿದ್ದ ಕೈಯನ್ನು ಎಲ್ಲಿ ಇಡುವುದೆಂದು ತಿಳಿಯದೆ ಸ್ವಲ್ಪ ಹೊತ್ತು ನೋಡಿ, ತಲೆ ತುರಿಸಿಕೊಂಡ. “ಓ... ಹಾಗೆಯಾ,” ಅಂತ ಅಂಗಳಕ್ಕೆ ಇಳಿದು, ಸರಿಯಾಗಿಯೇ ಇದ್ದ ನೀರಿನ ಪೈಪನ್ನು ಸರಿಮಾಡತೊಡಗಿದ.

ಕೋಲು ಈಗ ತೃಷಾಳ ಕೈಯಲ್ಲೇ ಇತ್ತು. ಆದರೆ ಹೊಡೆಯಲು ಮನಸ್ಸೇ ಬರಲಿಲ್ಲ.

ಅಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದಳು. “ನಾನು ಕೂತ್ಕೊಳ್ತೇನೆ. ನನಗೆ ತಕಿಟವೂ ಗೊತ್ತಿಲ್ಲ, ತಕಧಿಮಿಯೂ ಗೊತ್ತಿಲ್ಲ. ನೀನು ಹೊಡಿ.”

ಅಮ್ಮ ಮಣೆಯನ್ನು ಒಳಗೆ ತಂದು ಇಟ್ಟು, ಗೋಡೆಗೆ ಒರಗಿ ಕೂತಳು. ಬೆಳಿಗ್ಗೆ ನಾಲ್ಕೂವರೆಗೆ ತಲೆಗೆ ಟಾರ್ಚ್ ಕಟ್ಟಿಕೊಂಡು ರಬ್ಬರ್ ಮರದ ಹಾಲು ತೆಗೆಯುವ ಟ್ಯಾಪಿಂಗಿಗೆ ಹೋಗುವವಳು ಅವಳು. ತೃಷಾ ಎರಡು ಸುತ್ತು ಹೊಡೆಯುವಾಗ ಅಮ್ಮನ ಕಣ್ಣು ಮುಚ್ಚಿತು. ಮೂರನೆಯದಕ್ಕೆ ಸಣ್ಣಗೆ ಗೊರಕೆ.

‘ಒಳ್ಳೆ ಕೇಳುವವಳು,’ ಅಂದುಕೊಂಡಳು ತೃಷಾ. ನಾಲ್ಕನೆಯ ಸುತ್ತಿನಲ್ಲಿ ‘ಧಿ’ ತಪ್ಪಿತು.

ಅಮ್ಮ ಧಡಕ್ಕನೆ ಎಚ್ಚರಗೊಂಡಳು. “ಎಂತಾಯ್ತು?”

“ಏನಿಲ್ಲ. ಧಿ ಬಿಟ್ಟುಹೋಯ್ತು.”

“ಹೂಂ.” ಪುನಃ ಕಣ್ಣು ಮುಚ್ಚಿತು.

ತೃಷಾ ಮೊದಲಿನಿಂದ ಶುರು ಮಾಡಿದಳು. ಸುತ್ತು ಸರಿಯಾಗಿ ಹೋಗುವಾಗ ಗೊರಕೆಯೂ ಸರಿಯಾಗಿ ಹೋಗುತ್ತಿತ್ತು. ‘ಧಿ’ ತಪ್ಪಿದ ಕೂಡಲೇ, “ಎಂತಾಯ್ತು?” ಮೂರು ಸಲ ಹಾಗೇ ಆಯಿತು. ನಾಲ್ಕನೆಯ ಸಲ ತೃಷಾ ಬೇಕೆಂದೇ ತಪ್ಪಿಸಿ ನೋಡಿದಳು.

“ಎಂತಾಯ್ತು?”

ತೃಷಾಳಿಗೆ ನಗು ಬಂತು. ಅಂಗಳದಲ್ಲಿ ಪೈಪು ಹಿಡಿದಿದ್ದ ಅಪ್ಪನಿಗೂ ಬಂದಿರಬೇಕು. ಕಿಟಕಿಯ ಆಚೆಯಿಂದ ಅವನ ಸ್ವರ ಕೇಳಿತು. “ಬಸ್ಸಲ್ಲೂ ಹಾಗೆಯೇ. ಹೋಗ್ತಾ ಇರುವಷ್ಟು ಹೊತ್ತು ಒಬ್ಬರೂ ಏಳೂದಿಲ್ಲ. ಬ್ರೇಕ್ ಹಾಕಿದ್ರೆ ಎಲ್ಲರೂ ಎಚ್ಚರ.” ಹೇಳಿದ ಮೇಲೆ, ತಾನು ಮಾತಾಡಬಾರದಿತ್ತೇನೋ ಎಂಬ ಹಾಗೆ ಬೇಗ ಬಾವಿಯ ಕಡೆ ಹೋದ.

ಆವತ್ತಿನಿಂದ ತೃಷಾಳಿಗೆ ಒಂದೇ ಕೆಲಸ. ಅಮ್ಮನನ್ನು ಏಳಿಸದೆ ಹೊಡೆಯುವುದು. ಸೋಮವಾರ ಮೂರು ಸುತ್ತು. ಮಂಗಳವಾರ ಆರಕ್ಕೆ ಬಂತು. ಬುಧವಾರ ಎಡಗೈಯ ಹೆಬ್ಬೆರಳಿನ ಬುಡದಲ್ಲಿ ಗುಳ್ಳೆ ಬಂದು ನಾಲ್ಕಕ್ಕೆ ಇಳಿಯಿತು. ತೃಷಾ ಅತ್ತಳು. ಅಮ್ಮ ತೆಂಗಿನೆಣ್ಣೆ ಹಚ್ಚಿ, ಬಟ್ಟೆಯ ತುಂಡು ಕಟ್ಟಿ, “ನಾಳೆ ಹೊಡಿ,” ಎಂದಳು. ಅಷ್ಟೇ. ‘ಎಷ್ಟು ಬಂತು’ ಅಂತ ಕೇಳಲಿಲ್ಲ, ‘ಶ್ರವಣನಿಗೆ ಬರ್ತದಂತೆ’ ಅಂತಲೂ ಹೇಳಲಿಲ್ಲ.

ಗುರುವಾರ ಅಪ್ಪ ಬಾಗಿಲ ಹತ್ತಿರ ನಿಂತ. ತನ್ನ ಮನೆಯ ಬಾಗಿಲಿನಲ್ಲೇ, ಟಿಕೆಟು ಇಲ್ಲದವನ ಹಾಗೆ.

“ಒಳಗೆ ಬರ್ಬಹುದಾ?”

“ಕೈ ಕಟ್ಟಿ ಕೂತ್ಕೊಳ್ಳುದಾದ್ರೆ ಬನ್ನಿ,” ಎಂದಳು ಅಮ್ಮ. “ಬಾಯಿ ಕೂಡ ಮುಚ್ಚಬೇಕು.”

ಅಪ್ಪ ಒಂದನೇ ಕ್ಲಾಸಿನ ಹುಡುಗನ ಹಾಗೆ ಕೈ ಕಟ್ಟಿ ಕೂತ. ತೃಷಾ ಶುರು ಮಾಡಿದಳು. ಎರಡನೆಯ ಸುತ್ತಿಗೆ ಅಪ್ಪನ ಕಾಲಿನ ಹೆಬ್ಬೆರಳು ನೆಲಕ್ಕೆ ಹೊಡೆಯತೊಡಗಿತು. ತೃಷಾ ಹೆಬ್ಬೆರಳನ್ನು ನೋಡಿದಳು. ಅಪ್ಪ ಅದರ ಮೇಲೆ ಇನ್ನೊಂದು ಕಾಲು ಇಟ್ಟ. ಏಳನೆಯ ಸುತ್ತಿನಲ್ಲಿ ‘ಧಿ’ ತಪ್ಪಿತು. ಅಪ್ಪನ ಭುಜ ಹಾರಿತು, ಗಂಟಲಲ್ಲಿ ‘ಕೊ...’ ಎಂಬುದು ಹುಟ್ಟಿತು.

“ಎಂತಾಯ್ತು?” ಎಂದಳು ಅಮ್ಮ ಎಚ್ಚರಗೊಂಡು.

“ನಾನಲ್ಲ, ನಾನಲ್ಲ,” ಎಂದ ಅಪ್ಪ. ‘ಕೊ’ವನ್ನು ನುಂಗಿಕೊಂಡ. ನುಂಗಿದ್ದು ತೃಷಾಳಿಗೆ ಕಾಣಿಸಿತು.

ಶುಕ್ರವಾರ ಅಪ್ಪನ ಬಸ್ಸು ಟಯರ್ ಪಂಚರಾಗಿ ತಡವಾಯಿತು. ಅವನು ಬರುವಾಗ ತೃಷಾ ಹೊಡೆಯುತ್ತಿದ್ದಳು. ಅವನ ಕೈಯಲ್ಲಿ ಗ್ರೀಸಿನ ಕಪ್ಪು ಇತ್ತು, ಅಂಗಿಯಲ್ಲೂ ಇತ್ತು. ಅಪ್ಪ ಸದ್ದು ಮಾಡದೆ ಬಂದು ಅಮ್ಮನ ಪಕ್ಕದಲ್ಲಿ ಕೂತ. ಕೈ ಕಟ್ಟಿಕೊಂಡ.

ಐದು ಸುತ್ತು. ಆರು. ತೃಷಾ ಮಣೆಯನ್ನೇ ನೋಡುತ್ತಿದ್ದಳು. ಎಡಗೈ ತನ್ನ ಪಾಡಿಗೆ ಬಂದು ತನ್ನ ಪೆಟ್ಟು ಹೊಡೆದು ಹೋಗುತ್ತಿತ್ತು, ಯಾರೂ ಕರೆಯದೆ. ಒಂಬತ್ತು. ಹತ್ತು. ಅಮ್ಮನ ಗೊರಕೆ ನಿಲ್ಲಲಿಲ್ಲ. ಹದಿಮೂರು. ಹದಿನಾಲ್ಕು, ಹದಿನೈದು.

ಹದಿನಾರು!

ಈಗ ಅಪ್ಪ ಎದ್ದು ಚಪ್ಪಾಳೆ ಹೊಡೆಯುತ್ತಾನೆ ಅಂತ ಅವಳು ಪಕ್ಕಕ್ಕೆ ನೋಡಿದಳು. ಕೈ ನಿಲ್ಲಿಸಲಿಲ್ಲ, ಹದಿನೇಳನೆಯ ಸುತ್ತು ತಾನಾಗಿ ಶುರುವಾಗಿತ್ತು.

ಅಪ್ಪನ ಗದ್ದ ಎದೆಗೆ ತಾಗಿತ್ತು. ಬಾಯಿ ಅರ್ಧ ತೆರೆದಿತ್ತು. ತಲೆ ಮೆಲ್ಲ ವಾಲಿ ಅಮ್ಮನ ಭುಜಕ್ಕೆ ಬಂದು ನಿಂತಿತ್ತು. ಅವನೂ ನಿದ್ದೆ ಹೋಗಿದ್ದ.

ತೃಷಾಳಿಗೆ ಮೊದಲು ಸ್ವಲ್ಪ ಬೇಜಾರಾಯಿತು. ಆಮೇಲೆ ಅವಳು ಅವನ ಕೈಯನ್ನು ನೋಡಿದಳು. ಗ್ರೀಸು ಮೆತ್ತಿದ ಬೆರಳುಗಳು ಕಂಕುಳಿನ ಅಡಿಯಲ್ಲಿ ಗಟ್ಟಿಯಾಗಿ ಸಿಕ್ಕಿಕೊಂಡಿದ್ದವು. ನಿದ್ದೆ ಬಂದರೂ ಕಟ್ಟಿದ ಕೈ ಬಿಚ್ಚಿರಲಿಲ್ಲ. ಬಕೆಟು, ಬಟ್ಟಲು, ಗೇಟು, ಸಿಕ್ಕಿದ್ದಕ್ಕೆಲ್ಲ ಹೊಡೆಯುವ ಕೈ ಅದು. ತೃಷಾ ಅದನ್ನು ಬಹಳ ಹೊತ್ತು ನೋಡಿದಳು. ಹದಿನೆಂಟು, ಹತ್ತೊಂಬತ್ತು. ‘ಧಿ’ ಪ್ರತಿ ಸಲವೂ ಅದರ ಜಾಗಕ್ಕೆ ಬಂತು.

ನಿಲ್ಲಿಸಿದರೆ ಇಬ್ಬರಿಗೂ ಎಚ್ಚರವಾಗುತ್ತದೆ. ಅವಳು ನಿಲ್ಲಿಸಲಿಲ್ಲ. ಸ್ವಲ್ಪ ಮೆಲ್ಲಗೆ ಹೊಡೆದಳು. ಅಡುಗೆಮನೆಯಿಂದ ಹುರಿದ ಬಂಗುಡೆ ಮೀನಿನ ಪರಿಮಳ ಬರುತ್ತಿತ್ತು. ಹೊಟ್ಟೆ ಚುರುಗುಟ್ಟಿತು.

“ಅಮ್ಮ,” ಎಂದಳು ಕೈ ನಿಲ್ಲಿಸದೆ. “ಹಸಿವಾಗ್ತಾ ಉಂಟು. ಊಟ ಬಡಿಸ್ತೀಯಾ?”

ಎರಡು ಗೊರಕೆಗಳು ಒಟ್ಟಿಗೆ ಉತ್ತರ ಕೊಟ್ಟವು, ತೃಷಾ ಇನ್ನೊಂದು ಸುತ್ತು ಶುರು ಮಾಡಿದಳು.